‘ಉಂಗಾ ಆಸ್ಟ್ರಿಡ್’: ಒಂದು ಪುಸ್ತಕವನ್ನೂ ಬರೆಯದ ಲೇಖಕಿಯ ಚಿತ್ರ

(ಚಿತ್ರದ ಕುರಿತ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಂಕಿತನಾಮ)

ಕೊನೆಯ ಸಾಲು

ಮಕ್ಕಳಿಗಾಗಿ ಬರೆದವರ ಜೀವನವನ್ನು ಚಿತ್ರ ಮಾಡುತ್ತಾರೆಂದರೆ ನನಗೆ ಮೊದಲೇ ಅನುಮಾನ. ಲೇಖಕ ಕಿಟಕಿಯಾಚೆ ಏನನ್ನೋ ನೋಡುತ್ತಾನೆ, ಹಿನ್ನೆಲೆಯಲ್ಲಿ ಪಿಟೀಲು ಏರುತ್ತದೆ, ಮುಂದಿನ ದೃಶ್ಯಕ್ಕೆ ಪುಸ್ತಕ ಸಿದ್ಧ. ಪಿಪ್ಪಿ ಎಂಬ ತುಂಟ ಹುಡುಗಿಯ ಕಥೆಗಳನ್ನು ಬರೆದ ಸ್ವೀಡನ್ನಿನ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಕುರಿತ ‘ಉಂಗಾ ಆಸ್ಟ್ರಿಡ್’ ಚಿತ್ರವನ್ನೂ ಇದೇ ಅನುಮಾನದಿಂದ ನೋಡಲು ಕುಳಿತೆ. 2018ರ ಚಿತ್ರ, ಇಂಗ್ಲಿಷಿನಲ್ಲಿ ‘ಬಿಕಮಿಂಗ್ ಆಸ್ಟ್ರಿಡ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ನಿರ್ದೇಶಕಿ ಡೆನ್ಮಾರ್ಕಿನ ಪರ್ನಿಲ್ಲೆ ಫಿಷರ್ ಕ್ರಿಸ್ಟೆನ್‌ಸೆನ್. ಮುಖ್ಯ ಪಾತ್ರದಲ್ಲಿ ಆಲ್ಬಾ ಆಗಸ್ಟ್.

ಪಿಪ್ಪಿಗಾಗಿ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಪಿಪ್ಪಿ ಇಲ್ಲ. ಪಿಪ್ಪಿಯ ಪುಸ್ತಕ ಅಚ್ಚಾದದ್ದು 1945ರಲ್ಲಿ, ಚಿತ್ರದ ಕಥೆ ಅದಕ್ಕಿಂತ ಹದಿನೈದು ವರ್ಷ ಮೊದಲೇ ನಿಂತುಬಿಡುತ್ತದೆ. ಇಲ್ಲಿರುವುದು ಸ್ವೀಡನ್ನಿನ ವಿಮ್ಮರ್‌ಬಿ ಎಂಬ ಸಣ್ಣ ಪಟ್ಟಣದ ಪಕ್ಕದ ನೇಸ್ ತೋಟದಲ್ಲಿ 1907ರಲ್ಲಿ ಹುಟ್ಟಿದ ರೈತರ ಮಗಳು ಆಸ್ಟ್ರಿಡ್ ಎರಿಕ್ಸನ್. ಊರಿನ ಪತ್ರಿಕೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಅಲ್ಲಿನ ಸಂಪಾದಕ ರೈನ್‌ಹೋಲ್ಡ್ ಬ್ಲೊಂಬರ್ಗ್ ಅವಳಿಗಿಂತ ಸುಮಾರು 30 ವರ್ಷ ದೊಡ್ಡವನು, ಮದುವೆಯಾಗಿ ಮಕ್ಕಳಿರುವವನು. ಹದಿನೆಂಟರ ಹುಡುಗಿ ಅವನಿಂದ ಬಸಿರಾಗುತ್ತಾಳೆ. ಊರಿನ ಬಾಯಿಗೆ ಬೀಳಲೊಲ್ಲದೆ ಸ್ಟಾಕ್‌ಹೋಮಿಗೆ ಹೋಗಿ ಶೀಘ್ರಲಿಪಿ (ಶಾರ್ಟ್‌ಹ್ಯಾಂಡ್) ಕಲಿಯುತ್ತಾಳೆ. ಹೆರಿಗೆಗೆ ದೇಶ ದಾಟಿ ಕೋಪನ್‌ಹೇಗನ್ನಿಗೆ ಹೋಗುತ್ತಾಳೆ, ಏಕೆಂದರೆ ತಂದೆತಾಯಿಯ ಹೆಸರನ್ನು ಸರ್ಕಾರಕ್ಕೆ ಒಪ್ಪಿಸದೆ ಹೆರಿಗೆ ಮಾಡಿಸುವ ಆಸ್ಪತ್ರೆ ಅಲ್ಲಿತ್ತು. 1926ರ ಡಿಸೆಂಬರ್ 4ರಂದು ಲಾರ್ಸ್ ಹುಟ್ಟಿದ. ಎಲ್ಲರ ಬಾಯಲ್ಲೂ ಲಾಸೆ. ಮೂರು ವರ್ಷ ಅವನು ಅಲ್ಲಿಯೇ ಸಾಕುತಾಯಿ ಮಾರೀ ಸ್ಟೀವನ್ಸ್ ಅವರ ಮನೆಯಲ್ಲಿ ಬೆಳೆದ.

ಮಾರೀ ಪಾತ್ರದಲ್ಲಿ ಟ್ರೀನೆ ಡಿರ್‌ಹೋಮ್ ಇರುವಷ್ಟು ಹೊತ್ತೂ ಚಿತ್ರ ಉಸಿರಾಡುತ್ತದೆ. ಹೆತ್ತವಳು ಕಾಸು ಕಾಸು ಕೂಡಿಸಿ ರೈಲು ಹತ್ತಿ ಬರುತ್ತಾಳೆ, ಮಗು ‘ಅಮ್ಮ’ ಎಂದು ಓಡಿಹೋಗುವುದು ಸಾಕಿದವಳ ಕಡೆಗೆ. ಆ ಕ್ಷಣದಲ್ಲಿ ಆಲ್ಬಾ ಆಗಸ್ಟ್ ಅಳುವುದಿಲ್ಲ. ಮುಖದ ಮೇಲೆ ಒಂದು ನಗುವನ್ನು ಎಳೆದು ತಂದು, ಅದು ಜಾರದಂತೆ ಹಿಡಿದು ನಿಲ್ಲಿಸುತ್ತಾರೆ. ಇಡೀ ಚಿತ್ರದಲ್ಲಿ ಅದಕ್ಕಿಂತ ಒಳ್ಳೆಯ ನಟನೆ ನನಗೆ ಕಾಣಲಿಲ್ಲ.

ಇನ್ನು ನನ್ನ ತಕರಾರು. ಚಿತ್ರ ಶುರುವಾಗುವುದು ಮುದುಕಿಯಾದ ಆಸ್ಟ್ರಿಡ್ ಮಕ್ಕಳು ಬರೆದ ಹುಟ್ಟುಹಬ್ಬದ ಪತ್ರಗಳನ್ನು ಬಿಚ್ಚುವುದರಿಂದ. ಮುಂದೆ ನಡುನಡುವೆ ಆ ಪತ್ರಗಳು ಮಕ್ಕಳ ದನಿಯಲ್ಲಿ ಕೇಳುತ್ತಲೇ ಇರುತ್ತವೆ. ನಿಮ್ಮ ಕಥೆಯ ಮಕ್ಕಳಿಗೆ ಇಷ್ಟು ಧೈರ್ಯ ಹೇಗೆ, ನೀವು ಸಾವಿನ ಬಗ್ಗೆ ಏಕೆ ಬರೆಯುತ್ತೀರಿ, ಈ ಬಗೆಯ ಪ್ರಶ್ನೆಗಳು. ಪ್ರಶ್ನೆ ಮುಗಿಯುತ್ತಿದ್ದಂತೆ ತೆರೆಯ ಮೇಲೆ ಉತ್ತರವೆಂಬಂತೆ ಒಂದು ನೋವಿನ ದೃಶ್ಯ. ಅಂದರೆ ಪುಸ್ತಕಗಳೆಲ್ಲ ಆ ಒಂದು ಗಾಯದಿಂದ ಒಸರಿದವು ಎಂದು ನಮ್ಮ ಕೈಗೆ ಬರೆದುಕೊಟ್ಟಂತೆ. ನನಗೆ ಅದು ಒಪ್ಪಿಗೆಯಿಲ್ಲ. ಅವರನ್ನು ಲೇಖಕಿಯನ್ನಾಗಿ ಮಾಡಿದ ಸಂಗತಿ ಈ ಚಿತ್ರದಲ್ಲಿಯೇ ಇದೆ, ಆದರೆ ಕ್ಯಾಮೆರಾ ಅದನ್ನು ದಾಟಿಕೊಂಡು ಹೋಗುತ್ತದೆ. ಅದು ಶೀಘ್ರಲಿಪಿ ಮತ್ತು ಕಚೇರಿ. ನೋವು ಎಷ್ಟೋ ಜನರಿಗಿತ್ತು. ಆ ಕಾಲದಲ್ಲಿ ಮಗುವನ್ನು ಬಿಟ್ಟುಕೊಡಬೇಕಾಗಿ ಬಂದ ಹೆಂಗಸರಿಗೆ ಲೆಕ್ಕವಿಲ್ಲ, ಅವರೆಲ್ಲ ಪಿಪ್ಪಿ ಬರೆಯಲಿಲ್ಲ.

ಅಜ್ಜಿಕಥೆ

ಕೊನೆಯ ಸಾಲು ಅವರೇ, ವಾದ ಚೆನ್ನಾಗಿದೆ, ಆದರೆ ಅವರ ಪುಸ್ತಕಗಳೇ ನಿಮ್ಮ ಪರ ಸಾಕ್ಷಿ ಹೇಳುವುದಿಲ್ಲ.

‘ಮಿಯೊ’ ತೆಗೆದುಕೊಳ್ಳಿ, 1954ರ ಪುಸ್ತಕ. ಸ್ಟಾಕ್‌ಹೋಮಿನ ತೆಗ್ನೇರ್‌ಲುಂಡೆನ್ ಉದ್ಯಾನದ ಬೆಂಚಿನ ಮೇಲೆ ಒಬ್ಬ ಹುಡುಗ ಒಬ್ಬನೇ ಕುಳಿತಿದ್ದಾನೆ. ಸಾಕುತ್ತಿರುವ ದಂಪತಿಗೆ ಅವನು ಬೇಕಾಗಿಲ್ಲ. ಸುತ್ತಲಿನ ಮನೆಗಳಲ್ಲಿ ದೀಪ ಹತ್ತಿದೆ, ಒಳಗೆ ಮಕ್ಕಳು ಅಪ್ಪ ಅಮ್ಮಂದಿರ ಜೊತೆ ಊಟಕ್ಕೆ ಕುಳಿತಿದ್ದಾರೆ ಎಂದು ಅವನು ಊಹಿಸುತ್ತಾನೆ. ಅಲ್ಲಿಂದ ಅವನು ತನ್ನ ನಿಜವಾದ ತಂದೆಯ ಬಳಿಗೆ, ದೂರದ ನಾಡಿಗೆ ಹೋಗುತ್ತಾನೆ. ಎರಡು ವರ್ಷದ ನಂತರ ಬಂದ ‘ರಾಸ್ಮುಸ್’ ಅನಾಥಾಲಯದಿಂದ ಓಡಿಹೋಗಿ ಅಲೆಮಾರಿಯೊಬ್ಬನ ಜೊತೆ ಸೇರಿಕೊಂಡ ಹುಡುಗನ ಕಥೆ. ಪಿಪ್ಪಿಗೆ ತಾಯಿಯಿಲ್ಲ, ತಂದೆ ಸಮುದ್ರದಲ್ಲಿ ಕಾಣೆಯಾದವನು, ಒಂಬತ್ತು ವರ್ಷದ ಹುಡುಗಿ ಒಂದಿಡೀ ಮನೆಯಲ್ಲಿ ಒಂಟಿ. ನಾವೆಲ್ಲ ಅವಳು ಕುದುರೆಯನ್ನೆತ್ತುವುದನ್ನು ನೋಡಿ ನಕ್ಕವರು. ರಾತ್ರಿ ಮಲಗು ಎಂದು ತನಗೆ ತಾನೇ ಗದರಿಕೊಳ್ಳುವ ಹುಡುಗಿ ಅವಳು ಎನ್ನುವುದು ದೊಡ್ಡವಳಾದ ಮೇಲೆ ಓದಿದಾಗ ನನಗೆ ಹೊಳೆಯಿತು.

ಕೋಪನ್‌ಹೇಗನ್ನಿನ ಮನೆಯಲ್ಲಿ ಕಿಟಕಿಯ ಬಳಿ ಕಾಯುವ ಹುಡುಗ ಈ ಪುಸ್ತಕಗಳಲ್ಲಿ ಇಲ್ಲ ಎನ್ನುತ್ತೀರಾ? ಕಣ್ಣಿದ್ದವರಿಗೆ ಕಾಣುತ್ತಾನೆ. ಚಿತ್ರ ಅದನ್ನು ತೋರಿಸಿದ್ದಕ್ಕೆ ಅದರ ಮೇಲೆ ಹರಿಹಾಯುವುದು ಸರಿಯಲ್ಲ.

ಮಧ್ಯಂತರ

ಈ ಜಾತಿಯ ಚಿತ್ರಗಳಲ್ಲಿ ಇದು ಎಷ್ಟೋ ಮರ್ಯಾದಸ್ಥ ಚಿತ್ರ. ಮೇರಿ ಪಾಪಿನ್ಸ್ ಬರೆದ ಪಿ. ಎಲ್. ಟ್ರಾವರ್ಸ್ ಅವರಿಗೆ ‘ಸೇವಿಂಗ್ ಮಿಸ್ಟರ್ ಬ್ಯಾಂಕ್ಸ್’ನಲ್ಲಿ ಏನು ಮಾಡಿದರೆಂದು ನೋಡಿದ್ದೀರಲ್ಲ. 1964ರಲ್ಲಿ ಅವರ ಪುಸ್ತಕದಿಂದ ಡಿಸ್ನಿ ತೆಗೆದ ‘ಮೇರಿ ಪಾಪಿನ್ಸ್’ ಚಿತ್ರ ಮೊದಲು ತೆರೆ ಕಂಡ ದಿನ ಆ ಹೆಂಗಸು ಅತ್ತದ್ದು ನಿಜ. ಕಾರ್ಟೂನ್ ಭಾಗವನ್ನು ಅವರು ಕಡೆಯವರೆಗೂ ಸಹಿಸಲಿಲ್ಲ ಎನ್ನುವುದೂ ನಿಜ. ಎಷ್ಟೋ ವರ್ಷದ ನಂತರ ನಾಟಕಕ್ಕೆ ಒಪ್ಪಿಗೆ ಕೊಡುವಾಗ, ಆ ಚಿತ್ರಕ್ಕೆ ಕೆಲಸ ಮಾಡಿದ ಯಾರೂ ಇದರಲ್ಲಿ ಕೈಹಾಕಕೂಡದು ಎಂದು ಷರತ್ತು ಹಾಕಿದವರು ಅವರು. 2013ರ ಚಿತ್ರದಲ್ಲಿ ಅದೇ ಕಣ್ಣೀರು ತಂದೆಯ ನೆನಪು ಕರಗಿ ಹರಿದ ಕಣ್ಣೀರಾಗಿಬಿಟ್ಟಿತು. ಚಿತ್ರ ತೆಗೆದವರು ಯಾರು? ಡಿಸ್ನಿ ಕಂಪನಿಯೇ. ಗೆದ್ದವನೇ ಸೋತವರ ಜೀವನಚರಿತ್ರೆ ಬರೆಸಿದಂತಾಯಿತು. 1996ರಲ್ಲಿ ತೀರಿಕೊಂಡವರು ಬಂದು ಆಕ್ಷೇಪಿಸುವಂತಿಲ್ಲವಲ್ಲ.

ಅಲ್ಲಿಯೂ ಇದೇ ಸೂತ್ರ: ಬಾಲ್ಯದಲ್ಲಿ ಒಂದು ಗಾಯ, ಆ ಗಾಯಕ್ಕೆ ಪುಸ್ತಕವೇ ಪಟ್ಟಿ. ಆಸ್ಟ್ರೇಲಿಯಾದ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ, ಕುಡಿತಕ್ಕೆ ಬಿದ್ದ ತಂದೆ ಅಲ್ಲಿನ ಗಾಯ. ಕೊನೆಯ ಸಾಲು ಅವರ ತಕರಾರು ಆ ಚಿತ್ರಕ್ಕೆ ನೂರಕ್ಕೆ ನೂರು ಸಲ್ಲುತ್ತದೆ, ಈ ಚಿತ್ರಕ್ಕೆ ಐವತ್ತು ಸಲ್ಲಬಹುದು.

ಶೀಘ್ರಲಿಪಿ

ನಾನು ಸಾಮಾನ್ಯವಾಗಿ ಇಲ್ಲಿ ಓದಿ ಸುಮ್ಮನಾಗುವವನು. ಶೀಘ್ರಲಿಪಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ವೃತ್ತಿಯಲ್ಲಿ ಸ್ಟೆನೊ ಆಗಿದ್ದು ನಿವೃತ್ತನಾದವನು.

ಲಿಂಡ್‌ಗ್ರೆನ್ ಕಲಿತದ್ದು ಸ್ವೀಡನ್ನಿನ ಮೆಲಿನ್ ಪದ್ಧತಿ. ಹೊಟ್ಟೆಪಾಡಿಗೆಂದು ಕಲಿತ ಆ ವಿದ್ಯೆಯನ್ನು ಅವರು ಜೀವನಪೂರ್ತಿ ಬಿಡಲಿಲ್ಲ. ಪುಸ್ತಕಗಳ ಮೊದಲ ಕರಡೆಲ್ಲ ಶೀಘ್ರಲಿಪಿಯಲ್ಲಿಯೇ, ಬೆಳಿಗ್ಗೆ ಹಾಸಿಗೆಯಲ್ಲಿ ಕುಳಿತು, ಸ್ಟೆನೊಗಳು ಬಳಸುವ ಸಾಮಾನ್ಯ ಪ್ಯಾಡಿನಲ್ಲಿ. ಆಮೇಲೆ ತಾವೇ ಟೈಪ್ ಮಾಡುತ್ತಿದ್ದರು. ಅಂಥ ಸುಮಾರು 670 ಪ್ಯಾಡುಗಳು ಇಂದು ಸ್ಟಾಕ್‌ಹೋಮಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಬಹುಕಾಲ ಅವನ್ನು ಓದಲಾಗದು ಎಂದೇ ನಂಬಿದ್ದರು. 2020ರಲ್ಲಿ ಸ್ವೀಡನ್ನಿನ ಮಕ್ಕಳ ಪುಸ್ತಕ ಸಂಸ್ಥೆಯ ಸಂಶೋಧಕರು ಅವನ್ನು ಬಿಡಿಸುವ ಯೋಜನೆ ಕೈಗೆತ್ತಿಕೊಂಡರು. 1973ರ ‘ಬ್ರದರ್ಸ್ ಲಯನ್‌ಹಾರ್ಟ್’ ಪುಸ್ತಕದ ಪ್ಯಾಡುಗಳನ್ನು ಓದಲು ಮೆಲಿನ್ ಬಲ್ಲ ಸಾರ್ವಜನಿಕರನ್ನೇ ಕರೆದರು. ಯಾರು ಬಂದಿರಬಹುದು ಹೇಳಿ? ನನ್ನಂಥ ಹಳೆಯ ಸ್ಟೆನೊಗಳೇ.

ಇದರ ಕಷ್ಟ ಹೊರಗಿನವರಿಗೆ ಅರ್ಥವಾಗುವುದಿಲ್ಲ. ನಾನು ಬಲ್ಲದ್ದು ಪಿಟ್ಮನ್ ಎಂಬ ಶೀಘ್ರಲಿಪಿ ಪದ್ಧತಿ. ಅದರಲ್ಲಿ ಗೆರೆ ತೆಳುವೋ ದಪ್ಪವೋ ಎನ್ನುವುದರ ಮೇಲೆ ಅಕ್ಷರವೇ ಬೇರೆಯಾಗುತ್ತದೆ. ‘ಪ’ಕಾರದ ಗೆರೆಯನ್ನೇ ಒತ್ತಿ ಎಳೆದರೆ ‘ಬ’ಕಾರ. ವೇಗ ಬಂದ ಮೇಲೆ ಯಾರೂ ಪುಸ್ತಕದಲ್ಲಿದ್ದಂತೆ ಬರೆಯುವುದಿಲ್ಲ. ಪ್ರತಿಯೊಬ್ಬರೂ ತಮ್ಮದೇ ಸಂಕ್ಷೇಪಗಳನ್ನು ಮಾಡಿಕೊಳ್ಳುತ್ತಾರೆ. ಪಕ್ಕದ ಮೇಜಿನವರ ಪ್ಯಾಡನ್ನೇ ನಾವು ಓದಲು ತಿಣುಕುತ್ತಿದ್ದೆವು, ಇನ್ನು ತೀರಿಹೋದವರ ಪ್ಯಾಡು!

ಆ ಪುಟಗಳಲ್ಲಿ ಒಂದೇ ಭಾಗವನ್ನು ಮತ್ತೆ ಮತ್ತೆ ಬರೆದಿರುವುದು ಕಾಣುತ್ತದಂತೆ. ನನಗೆ ಆಶ್ಚರ್ಯವಾಗಲಿಲ್ಲ. ಶೀಘ್ರಲಿಪಿಯಲ್ಲಿ ಮಾತಿನ ವೇಗಕ್ಕೆ ಕೈ ಓಡುತ್ತದೆ, ಹಾಗಾಗಿ ಒಂದು ಪುಟವನ್ನು ಹೊಡೆದುಹಾಕಿ ಹೊಸದಾಗಿ ಬರೆಯಲು ಮನಸ್ಸು ಹಿಂಜರಿಯುವುದಿಲ್ಲ. ಅವರ ಗದ್ಯ ಗಟ್ಟಿಯಾಗಿ ಓದಿದಾಗ ಅಷ್ಟು ಸಲೀಸಾಗಿ ಬಾಯಿಗೆ ಬರಲು ಇದೂ ಒಂದು ಕಾರಣವಿರಬಹುದು ಎಂದು ನನ್ನ ಊಹೆ.

ಕೊನೆಯ ಸಾಲು

ಶೀಘ್ರಲಿಪಿ ಸರ್, ನಾನು ಒಂದು ಸಾಲಿನಲ್ಲಿ ಹೇಳಿ ಬಿಟ್ಟದ್ದನ್ನು ನೀವು ಬಿಡಿಸಿ ತೋರಿಸಿದಿರಿ. ಇದನ್ನೇ ಹಿಡಿದು ಅಜ್ಜಿಕಥೆಯವರಿಗೆ ಉತ್ತರ ಕೊಡುತ್ತೇನೆ.

ಮಿಯೊ ಕುಳಿತ ಬೆಂಚಿನಲ್ಲಿ ಲಾಸೆ ಇದ್ದಾನೆ, ಒಪ್ಪುತ್ತೇನೆ. ಆದರೆ 1930ರಿಂದ 1945ರವರೆಗೆ ಆ ಹೆಂಗಸು ಏನು ಮಾಡುತ್ತಿದ್ದರು ನೋಡಿ. ಮೋಟಾರು ಕ್ಲಬ್ಬಿನ ಕಚೇರಿಯಲ್ಲಿ ಕಾರ್ಯದರ್ಶಿ ಕೆಲಸ. ಅಲ್ಲಿಯ ಸ್ಟೂರೆ ಲಿಂಡ್‌ಗ್ರೆನ್ ಅವರನ್ನು 1931ರಲ್ಲಿ ಮದುವೆಯಾದರು. ಮುಂದೆ ಹ್ಯಾರಿ ಸೋದರ್‌ಮನ್ ಎಂಬ ಅಪರಾಧಶಾಸ್ತ್ರಜ್ಞರಿಗೆ ಸ್ಟೆನೊ ಆಗಿದ್ದರು. 1946ರಲ್ಲಿ ಪತ್ತೇದಾರ ಹುಡುಗ ಕಾಲೆ ಬ್ಲೊಮ್‌ಕ್ವಿಸ್ತನ ಪುಸ್ತಕ ಬಂದಿತು. ಬೆರಳಚ್ಚು, ವಿಷಪರೀಕ್ಷೆ ಎಂದು ಓಡಾಡುವ ಆ ಹುಡುಗ ಯಾವ ಗಾಯದಿಂದ ಹುಟ್ಟಿದ? ಯುದ್ಧದ ವರ್ಷಗಳಲ್ಲಿ ಅಂಚೆ ತಪಾಸಣೆಯ ಗುಪ್ತ ವಿಭಾಗದಲ್ಲಿ ಕುಳಿತು ಪರರ ಪತ್ರಗಳನ್ನು ಒಡೆದು ಓದುವ ಕೆಲಸ. ದಿನವಿಡೀ ಅಪರಿಚಿತರ ಕಷ್ಟಸುಖ ಓದುವುದು, ಮನೆಗೆ ಬಂದು ಯುದ್ಧದ ದಿನಚರಿ ಬರೆಯುವುದು. ಬರಹಗಾರರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಇದೆಯೇ?

ಪಿಪ್ಪಿ ಹುಟ್ಟಿದ್ದೂ ಹಾಗೆಯೇ. 1941ರಲ್ಲಿ ಕಾಯಿಲೆ ಬಿದ್ದ ಮಗಳು ಕಾರಿನ್ ಬಾಯಿಗೆ ಬಂದ ಹೆಸರೊಂದನ್ನು ಹೇಳಿ ಕಥೆ ಕೇಳಿದಳು. ಕಥೆ ಮೂರು ವರ್ಷ ಬಾಯಲ್ಲೇ ಇತ್ತು. 1944ರ ಮಾರ್ಚಿನಲ್ಲಿ ಹಿಮದ ಮೇಲೆ ಜಾರಿ ಕಾಲು ಉಳುಕಿತು. ಹಾಸಿಗೆ ಹಿಡಿದವರು ಹೊತ್ತು ಕಳೆಯಲು ಶೀಘ್ರಲಿಪಿಯಲ್ಲಿ ಅದನ್ನು ಬರೆದಿಟ್ಟುಕೊಂಡು, ಟೈಪ್ ಮಾಡಿ ಮಗಳ ಹತ್ತನೆಯ ಹುಟ್ಟುಹಬ್ಬಕ್ಕೆ ಕೊಟ್ಟರು. ಬೊನಿಯರ್ಸ್ ಪ್ರಕಾಶನ ಅದನ್ನು ಹಿಂದಿರುಗಿಸಿತು. ಮರುವರ್ಷ ರಾಬೆನ್ ಮತ್ತು ಶೋಗ್ರೆನ್ ಪ್ರಕಾಶನದ ಸ್ಪರ್ಧೆಯಲ್ಲಿ ಗೆದ್ದು ಅಚ್ಚಾಯಿತು. ಅದೇ ಪ್ರಕಾಶನದಲ್ಲಿ 1946ರಿಂದ 1970ರವರೆಗೆ ಅವರೇ ಮಕ್ಕಳ ಪುಸ್ತಕಗಳ ಸಂಪಾದಕಿ. ಬೆಳಿಗ್ಗೆ ತಮ್ಮ ಬರವಣಿಗೆ, ಮಧ್ಯಾಹ್ನದ ಮೇಲೆ ಇತರರ ಹಸ್ತಪ್ರತಿ. ಉಳುಕಿದ ಕಾಲು, ಟೈಪ್‌ರೈಟರ್, ತಿರಸ್ಕಾರದ ಪತ್ರ, ಕಚೇರಿಯ ವೇಳೆ, ಇವೆಲ್ಲ ಸಿನಿಮಾಕ್ಕೆ ಒಗ್ಗುವುದಿಲ್ಲ ಎಂದು ಯಾರು ಹೇಳಿದರು? ಒಳ್ಳೆಯ ನಿರ್ದೇಶಕರಿಗೆ ಅದು ಚಿನ್ನದ ಗಣಿ. ಈ ನಿರ್ದೇಶಕಿಗೆ ಆ ಶಕ್ತಿಯಿದೆ, ಅದಕ್ಕೇ ನನಗೆ ಹೊಟ್ಟೆಯುರಿ.

ಫಿನ್‌ಲೆಂಡಿನ ‘ಟೋವೆ’ ನೋಡಿದ್ದೀರಾ, 2020ರದು? ಮೂಮಿನ್ ಕಥೆಗಳ ಟೋವೆ ಯಾನ್ಸನ್ ಅದರಲ್ಲಿ ಪ್ರೀತಿಸುತ್ತಾರೆ, ಕುಡಿಯುತ್ತಾರೆ, ಕುಣಿಯುತ್ತಾರೆ, ಆದರೂ ಕೈಯಲ್ಲಿ ಬಣ್ಣದ ಕುಂಚ ಇದ್ದೇ ಇರುತ್ತದೆ. ನನಗೆ ಬೇಕಾದದ್ದು ಅಷ್ಟೇ.

ತೆರೆಮರೆ

ಎಲ್ಲರೂ ಬರವಣಿಗೆಯ ಬೆನ್ನು ಹತ್ತಿದ್ದೀರಿ. ಬ್ಲೊಂಬರ್ಗ್ ಪಾತ್ರದ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಚಿತ್ರ ಅವನನ್ನು ಖಳನನ್ನಾಗಿ ಮಾಡುವುದಿಲ್ಲ. ಮೃದುಮಾತಿನ, ಸ್ವಲ್ಪ ಅಂಜುಬುರುಕ ಮನುಷ್ಯ. ಮೊದಮೊದಲು ನನಗೆ ಕೋಪವೇ ಬಂದಿತು. ಕೈಕೆಳಗಿನ ಎಳೆಯ ಹುಡುಗಿಯನ್ನು ಈ ಸ್ಥಿತಿಗೆ ತಂದವನಿಗೆ ಇಷ್ಟು ಸೌಜನ್ಯವೇ ಎಂದು.

ಆದರೆ ದ್ವಿತೀಯಾರ್ಧದಲ್ಲಿ ಆ ಸೌಜನ್ಯದ ಬೆಲೆ ತಿಳಿಯುತ್ತದೆ. ವಿಚ್ಛೇದನದ ಮೊಕದ್ದಮೆ ನಡೆಯುತ್ತಿದೆ, ಸಂಬಂಧ ಬಯಲಾದರೆ ಅವನಿಗೆ ಜೈಲು ಎಂಬ ಭಯಕ್ಕೆ ಇವಳು ಮಗುವನ್ನು ಪರದೇಶದಲ್ಲಿ ಬಚ್ಚಿಟ್ಟಿದ್ದಾಳೆ. ಕೊನೆಗೆ ಅವನು ಬಂದು, ಬರೀ ದಂಡ ಕಟ್ಟಿ ಮುಗಿಯಿತು, ಇನ್ನು ಮದುವೆಯಾಗೋಣ ಎನ್ನುತ್ತಾನೆ. ಖುಷಿಯಾಗಿಯೇ ಹೇಳುತ್ತಾನೆ. ಇವಳು ತೆತ್ತದ್ದರ ಲೆಕ್ಕ ಅವನ ತಲೆಯಲ್ಲಿ ಸುಳಿಯುವುದೂ ಇಲ್ಲ. ಖಳನಾಗಿದ್ದರೆ ಆ ದೃಶ್ಯಕ್ಕೆ ಅಷ್ಟು ಕಾವು ಬರುತ್ತಿರಲಿಲ್ಲ.

ತಾಯಿ ಹಾನಾ ಪಾತ್ರವೂ ಹಾಗೆಯೇ. ಮಗಳಿಗಿಂತ ಚರ್ಚಿನ ಜನರ ನೋಟಕ್ಕೆ ಹೆದರುವ ಹೆಂಗಸು. ಆದರೆ ವಾಸ್ತವದಲ್ಲಿ 1930ರಲ್ಲಿ ಲಾಸೆಯನ್ನು ನೇಸ್ ತೋಟದ ಮನೆಗೆ ತುಂಬಿಸಿಕೊಂಡವರೂ ಆ ಅಜ್ಜ ಅಜ್ಜಿಯೇ.

ಹೊಸಬ

ಮಧ್ಯೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ನನ್ನ ಎಂಟು ವರ್ಷದ ಮಗಳು ಪಿಪ್ಪಿಯ ಹುಚ್ಚಿ. ಈ ಚಿತ್ರವನ್ನು ಅವಳಿಗೆ ತೋರಿಸಬಹುದೇ?

ಮಧ್ಯಂತರ

ಬೇಡ. ಪಿಪ್ಪಿಯ ಚಿತ್ರ ಎಂದುಕೊಂಡು ಕುಳಿತ ಮಗುವಿಗೆ ಇದು ಮೋಸ. ಹೆರಿಗೆ, ಹಾಸಿಗೆಯ ದೃಶ್ಯ, ಮಗುವನ್ನು ಒಬ್ಬರಿಂದ ಬಿಡಿಸಿ ಇನ್ನೊಬ್ಬರು ಕರೆದೊಯ್ಯುವುದು, ಎಲ್ಲ ಇದೆ. ಹದಿನೈದು ದಾಟಲಿ.

ನನ್ನನ್ನು ಕೇಳಿದರೆ ಆಸ್ಟ್ರಿಡ್ ಬಗ್ಗೆ ತೆಗೆಯಬೇಕಾದ ಚಿತ್ರ ಬೇರೆಯೇ ಇದೆ. 1976ರಲ್ಲಿ ಆದಾಯದ ಮೇಲೆ ಶೇಕಡಾ 102ರಷ್ಟು ತೆರಿಗೆ ಬೀಳುವ ಲೆಕ್ಕ ಕಂಡು, ಅರ್ಥಸಚಿವರ ಜೊತೆ ಜಗಳಕ್ಕೆ ಇಳಿಯದೆ ‘ಎಕ್ಸ್‌ಪ್ರೆಸ್ಸೆನ್’ ಪತ್ರಿಕೆಗೆ ಒಂದು ಕಟ್ಟುಕಥೆ ಬರೆದುಕೊಟ್ಟ ಅಜ್ಜಿ! ಅದೇ ವರ್ಷ ಚುನಾವಣೆಯಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಆಳಿದ ಪಕ್ಷ ಕೆಳಗಿಳಿಯಿತು. ಅದಕ್ಕೆ ಕಥೆಯೊಂದೇ ಕಾರಣವಲ್ಲ, ಇರಲಿ. ಎರಡು ವರ್ಷ ಬಿಟ್ಟು ಫ್ರಾಂಕ್‌ಫರ್ಟಿನಲ್ಲಿ ಶಾಂತಿ ಪ್ರಶಸ್ತಿ ಪಡೆಯುವಾಗ ಮಕ್ಕಳನ್ನು ಹೊಡೆಯಬಾರದು ಎಂದೇ ಭಾಷಣ ಮಾಡಿದರು. ಮರುವರ್ಷ, 1979ರಲ್ಲಿ, ಸ್ವೀಡನ್ ಮಕ್ಕಳಿಗೆ ಹೊಡೆಯುವುದನ್ನು ಕಾನೂನಿನಿಂದಲೇ ನಿಷೇಧಿಸಿತು. ಜಗತ್ತಿನಲ್ಲಿ ಹಾಗೆ ಮಾಡಿದ ಮೊದಲ ದೇಶ. ಆ ಅಜ್ಜಿಯ ಚಿತ್ರಕ್ಕೆ ನಾನು ಮೊದಲ ದಿನವೇ ಟಿಕೆಟ್ ಕೊಳ್ಳುತ್ತೇನೆ.

ಅಜ್ಜಿಕಥೆ

ಆ ಭಾಷಣ ಎಲ್ಲಿಂದ ಬಂದಿತು ಎಂದು ಕೇಳಿದರೆ ಮತ್ತೆ ಕೋಪನ್‌ಹೇಗನ್ನಿಗೇ ಹೋಗಬೇಕಾಗುತ್ತದೆ, ಮಧ್ಯಂತರ ಅವರೇ. ಮಗುವಿನ ಕಡೆಗೆ ನಿಂತು ಜಗತ್ತನ್ನು ನೋಡುವುದು ಕಚೇರಿಯಲ್ಲಿ ಕಲಿಸುವ ವಿದ್ಯೆಯಲ್ಲ. ಇದನ್ನು ನಾನು ಬಿಟ್ಟುಕೊಡುವುದಿಲ್ಲ.

ಆದರೆ ಕೊನೆಯ ಸಾಲು ಅವರು ಎತ್ತದ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಲಾಸೆಯ ಹುಟ್ಟಿನ ಬಗ್ಗೆ ಆಸ್ಟ್ರಿಡ್ ದಶಕಗಳ ಕಾಲ ಸಾರ್ವಜನಿಕವಾಗಿ ಮಾತಾಡಲಿಲ್ಲ. ಮಾರ್ಗರೆಟಾ ಸ್ಟ್ರೊಮ್‌ಸ್ಟೆಡ್ ಬರೆದ ಜೀವನಚರಿತ್ರೆ 1977ರಲ್ಲಿ ಬಂದಾಗ ಅವರಿಗೆ ಎಪ್ಪತ್ತು. ತಾವೇ ಅಳೆದು ತೂಗಿ ಹೇಳಿದ್ದನ್ನು, ಅವರು ತೀರಿಕೊಂಡು ಹದಿನಾರು ವರ್ಷವಾದ ಮೇಲೆ ಮುಚ್ಚುಮರೆಯಿಲ್ಲದೆ ತೆರೆಗೆ ತರುವುದು ಎಷ್ಟು ಸರಿ? ಪುಸ್ತಕದಲ್ಲಿ ಒಂದು ವಾಕ್ಯವಾಗಿರುವ ಸಂಗತಿ ಸಿನಿಮಾದಲ್ಲಿ ಒಂದು ಮೈಯಾಗುತ್ತದೆ, ಬೆವರುತ್ತದೆ, ನರಳುತ್ತದೆ. ಚಿತ್ರ ನನಗೆ ತುಂಬ ಹಿಡಿಸಿತು, ಆದರೂ ಹೆರಿಗೆಯ ದೃಶ್ಯದಲ್ಲಿ ಕಣ್ಣು ಆಚೆ ತಿರುಗಿಸಿದೆ.

ಕೊನೆಯ ಸಾಲು

ಆ ವಿಷಯದಲ್ಲಿ ನಾನು ಚಿತ್ರದ ಪರ. ಅವರು ಮುಚ್ಚಿಟ್ಟದ್ದನ್ನು ಕದ್ದು ತೆಗೆದಿಲ್ಲ, ಅವರೇ ಹೇಳಿದ್ದನ್ನು ತೋರಿಸಿದ್ದಾರೆ. ಹೇಗೆ ತೋರಿಸಿದ್ದಾರೆ ಎನ್ನುವುದಷ್ಟೇ ನಮ್ಮ ಜಗಳ. ಹೆರಿಗೆಯ ದೃಶ್ಯ ನನಗೆ ಅತಿಯಾಗಿ ಕಾಣಲಿಲ್ಲ. ಅತಿಯಾದದ್ದು ಆ ಪತ್ರಗಳೇ. ಮಕ್ಕಳ ದನಿಯನ್ನೆಲ್ಲ ತೆಗೆದು ಇದೇ ಚಿತ್ರವನ್ನು ಒಮ್ಮೆ ಊಹಿಸಿಕೊಳ್ಳಿ. ಮಗುವಿನ ಕೆಮ್ಮಿಗೆ ನಿದ್ದೆಗೆಟ್ಟು, ಅದಕ್ಕೊಂದು ಕಥೆ ಹೇಳುವ ಟೈಪಿಸ್ಟ್ ಹುಡುಗಿಯೊಬ್ಬಳ ಕಥೆ. ಅವಳು ಮುಂದೆ ಯಾರಾದಳು ಎಂದು ಹೇಳದಿದ್ದರೂ ಚಿತ್ರ ನಿಲ್ಲುತ್ತಿತ್ತು.

ಹೊಸಬ ಅವರೇ, ಮಗಳಿಗೆ ಪಿಪ್ಪಿ ಮುಗಿದಿದ್ದರೆ ‘ಎಮಿಲ್’ ಹುಡುಕಿ ಕೊಡಿ. ಸೂಪಿನ ಪಾತ್ರೆಯೊಳಗೆ ತಲೆ ಸಿಕ್ಕಿಸಿಕೊಳ್ಳುವ ಹುಡುಗ.

ಅಜ್ಜಿಕಥೆ

‘ಮಿಯೊ’ ಕೊಡಿ ಎನ್ನಬೇಕೆಂದಿದ್ದೆ, ಆದರೆ ಎಂಟು ವರ್ಷಕ್ಕೆ ‘ಎಮಿಲ್’ ಸರಿ. ಕೊನೆಯ ಸಾಲು ಅವರು ಅದನ್ನೇ ಏಕೆ ಆರಿಸಿದರೆಂದು ಗೊತ್ತು ಬಿಡಿ. ಅದರಲ್ಲಿ ಮಗನ ತುಂಟಾಟಗಳನ್ನೆಲ್ಲ ತಾಯಿ ನೀಲಿ ನೋಟ್‌ಬುಕ್ಕುಗಳಲ್ಲಿ ಬರೆದಿಡುತ್ತಾಳೆ.

ಶೀಘ್ರಲಿಪಿ

ನೀಲಿ ನೋಟ್‌ಬುಕ್ಕು ಅವಳಿಗೆ ಸಾಲದೇ ಬರುತ್ತಿತ್ತು. ಶೀಘ್ರಲಿಪಿ ಕಲಿತಿದ್ದರೆ ಅರ್ಧ ಕಾಗದ ಉಳಿಯುತ್ತಿತ್ತು.